ಕುಡುಗೋಲು ಕಣದ ಕಾಯಿಲೆ ಎಲ್ಲಿದೆ?

ಹೈಸ್ಕೂಲಿನ ಜೀವಶಾಸ್ತ್ರದ ಪುಸ್ತಕ ತೆರೆದರೆ ಒಂದು ಪಟ್ಟಿ ಸಿಗುತ್ತದೆ: ಅಣು, ಜೀವಕೋಶ, ಅಂಗಾಂಶ, ಅಂಗ, ಅಂಗವ್ಯೂಹ, ಜೀವಿ, ಜೀವಸಂದಣಿ, ಸಮುದಾಯ, ಪರಿಸರ ವ್ಯವಸ್ಥೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ, ಎರಡಂಕದ ಪ್ರಶ್ನೆಗೆ ಉತ್ತರ ಬರೆದು, ಆಮೇಲೆ ಮರೆತುಬಿಡುತ್ತಾರೆ. ಪಟ್ಟಿ ಮರೆತರೂ ಅದು ಬಿತ್ತಿದ ಒಂದು ನಂಬಿಕೆ ಉಳಿದುಕೊಳ್ಳುತ್ತದೆ. ಕೆಳಗಿನದೇ ಅಸಲು, ಮೇಲಿನದೆಲ್ಲ ಅದರ ಮೊತ್ತ. ಅಣುವಿನ ಗುಟ್ಟು ಸಿಕ್ಕಿದರೆ ಉಳಿದ ಗಂಟುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ ಎಂಬ ನಂಬಿಕೆ ಅದು. ಇದನ್ನು ಒರೆಗೆ ಹಚ್ಚಿ ನೋಡಲು ಕುಡುಗೋಲು ಕಣದ ಕಾಯಿಲೆ, ಅಂದರೆ ಸಿಕಲ್ ಸೆಲ್ ಅನೀಮಿಯಾದಷ್ಟು ತಕ್ಕ ಕಾಯಿಲೆ ಇನ್ನೊಂದಿಲ್ಲ. ಈ ಕಾಯಿಲೆಯ ಅಣುಮಟ್ಟದ ಕಾರಣ 1949ರಲ್ಲೇ ಸಿಕ್ಕಿತು; ಅದಕ್ಕೆ ಮೊದಲು ಮನುಷ್ಯನ ಯಾವ ಕಾಯಿಲೆಯನ್ನೂ ಅಷ್ಟು ಆಳಕ್ಕೆ ಇಳಿದು ನೋಡಿರಲಿಲ್ಲ. ಆದರೆ ಕಾಯಿಲೆಯ ಗತಿಯನ್ನು ಬದಲಿಸಬಲ್ಲ ಮೊದಲ ಔಷಧಕ್ಕೆ ಅಮೆರಿಕ ಒಪ್ಪಿಗೆ ಕೊಟ್ಟದ್ದು 1998ರಲ್ಲಿ. ನಡುವಿನ 49 ವರ್ಷವನ್ನು ವಿಜ್ಞಾನಿಗಳ ಆಲಸ್ಯದ ಲೆಕ್ಕಕ್ಕೆ ಹಾಕುವಂತಿಲ್ಲ. ಕಾರಣ ಒಂದು ಹಂತದಲ್ಲಿ ಹುಟ್ಟಿದ ಮಾತ್ರಕ್ಕೆ ಕಾಯಿಲೆ ಅದೇ ಹಂತದಲ್ಲಿ ಇರುವುದಿಲ್ಲ, ಪರಿಹಾರವೂ ಅಲ್ಲೇ ಸಿಗಬೇಕೆಂದಿಲ್ಲ ಎಂಬುದು ನನ್ನ ವಾದ. ಸಂಘಟನೆಯ ಹಂತಗಳನ್ನು ಪಟ್ಟಿಯಾಗಿ ಕಲಿಸುವುದರಿಂದ ತಪ್ಪಿಹೋಗುವುದು ಇದೇ.

ಕಥೆ ಶುರುವಾಗುವುದು ಷಿಕಾಗೊದಲ್ಲಿ. ಗ್ರೆನಡಾ ದ್ವೀಪದಿಂದ ದಂತವೈದ್ಯಕೀಯ ಓದಲು ಬಂದಿದ್ದ ತರುಣನೊಬ್ಬನ ರಕ್ತದಲ್ಲಿ ಕುಡುಗೋಲಿನ ಹಾಗೆ ಬಾಗಿದ ಕೆಂಪು ಕಣಗಳು ಕಂಡವೆಂದು ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ಪ್ರಕಟಿಸಿದರು. ಆಮ್ಲಜನಕ ಕಡಿಮೆಯಾದಾಗ ಕಣ ಬಾಗುತ್ತದೆ ಎಂಬುದು 1927ರಲ್ಲಿ ಗೊತ್ತಾಯಿತು. ಲೈನಸ್ ಪಾಲಿಂಗ್ ಮತ್ತು ಸಂಗಡಿಗರು 1949ರಲ್ಲಿ ರೋಗಿಗಳ ಹಿಮೋಗ್ಲೋಬಿನ್ನನ್ನು ವಿದ್ಯುತ್ ಕ್ಷೇತ್ರದಲ್ಲಿ ಹರಿಯಬಿಟ್ಟು, ಅದು ಆರೋಗ್ಯವಂತರದ್ದಕ್ಕಿಂತ ಬೇರೆ ವೇಗದಲ್ಲಿ ಚಲಿಸುವುದನ್ನು ತೋರಿಸಿದರು. 'ಅಣುಮಟ್ಟದ ಕಾಯಿಲೆ' ಎಂಬ ಮಾತು ಆ ಪ್ರಬಂಧದ ಶೀರ್ಷಿಕೆಯಲ್ಲೇ ಇತ್ತು. 1956–57ರಲ್ಲಿ ಕೇಂಬ್ರಿಜ್‌ನ ವರ್ನನ್ ಇನ್‌ಗ್ರಮ್ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದರು. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲೀನ್ ಕೂತಿದೆ. ಅದರ ಹಿಂದೆ ಇರುವುದು 300 ಕೋಟಿ ಅಕ್ಷರಗಳ ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರದ ಪಲ್ಲಟ. ಇಷ್ಟು ಪುಟ್ಟ ಕಾರಣ, ಇಷ್ಟು ದೊಡ್ಡ ಸಂಕಟ ಎಂದು ಬೆರಗಾಗುವುದು ಸಹಜ. ಆ ಬೆರಗಿನಲ್ಲಿ ನಡುವೆ ಏನೇನು ನಡೆಯಿತು ಎಂದು ಕೇಳುವುದು ಮರೆತುಹೋಗುತ್ತದೆ.

ನಡುವೆ ನಡೆಯುವುದೇ ಸ್ವಾರಸ್ಯ. ಗ್ಲುಟಾಮಿಕ್ ಆಮ್ಲಕ್ಕೆ ನೀರೆಂದರೆ ಇಷ್ಟ, ವ್ಯಾಲೀನ್‌ಗೆ ಆಗದು. ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟುಕೊಟ್ಟಾಗ ಪಕ್ಕದ ಅಣುವಿನಲ್ಲಿ ಒಂದು ಕುಳಿ ತೆರೆದುಕೊಳ್ಳುತ್ತದೆ, ಪ್ರೆಸ್ ಬಟನ್ ಕೂರುವ ಹಾಗೆ ಈ ವ್ಯಾಲೀನ್ ಅದರೊಳಗೆ ಕೂರುತ್ತದೆ. ಒಂದಕ್ಕೊಂದು ಹೀಗೆ ಅಂಟಿ, 14 ಎಳೆಗಳು ಹೊಸೆದುಕೊಂಡ ನಾರು ಬೆಳೆದು, ಕಣವನ್ನು ಒಳಗಿನಿಂದ ಚುಚ್ಚಿ ಬಾಗಿಸುತ್ತದೆ. ಆದರೆ ಆಮ್ಲಜನಕ ಹೋದ ತಕ್ಷಣ ನಾರು ಹುಟ್ಟುವುದಿಲ್ಲ, ಸ್ವಲ್ಪ ತಡವಾಗುತ್ತದೆ. ಆ ತಡ ಎಷ್ಟೆಂಬುದು ಕಣದೊಳಗೆ ಹಿಮೋಗ್ಲೋಬಿನ್ ಎಷ್ಟು ಸಾಂದ್ರವಾಗಿದೆ ಎಂಬುದರ ಮೇಲೆ ನಿಂತಿದೆ. ಮಾಮೂಲಿ ರಾಸಾಯನಿಕ ಕ್ರಿಯೆಗಳಲ್ಲಿ ಸಾಂದ್ರತೆಯ ಪ್ರಭಾವ ಒಂದನೆಯದೋ ಎರಡನೆಯದೋ ಘಾತದಲ್ಲಿರುತ್ತದೆ; ಇಲ್ಲಿ ಅದು 15ರಿಂದ 30ನೇ ಘಾತ! ಅಂದರೆ ಸಾಂದ್ರತೆ ನೂರಕ್ಕೆ ಹತ್ತರಷ್ಟು ಏರಿದರೆ ಸಾಕು, ಆ ತಡ ಕಡಿಮೆಯೆಂದರೂ ನಾಲ್ಕು ಪಟ್ಟು ಕುಗ್ಗಿಬಿಡುತ್ತದೆ. ಕೆಂಪು ಕಣ ಲೋಮನಾಳವನ್ನು ದಾಟಲು ಬೇಕಾಗುವುದು ಸುಮಾರು ಒಂದು ಸೆಕೆಂಡು. ನಾರು ಹುಟ್ಟಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾದರೆ ಕಣ ಸುರಕ್ಷಿತವಾಗಿ ದಾಟಿ, ಶ್ವಾಸಕೋಶಕ್ಕೆ ಹೋಗಿ, ಮತ್ತೆ ಆಮ್ಲಜನಕ ತುಂಬಿಕೊಳ್ಳುತ್ತದೆ. ಕಡಿಮೆ ಹೊತ್ತು ಸಾಕಾದರೆ ನಾಳದ ನಡುವೆಯೇ ಬಾಗಿ ಸಿಕ್ಕಿಕೊಳ್ಳುತ್ತದೆ. ಈ ಓಟದಲ್ಲಿ ಗೆಲ್ಲುವವರಾರು ಎಂಬುದನ್ನು ವ್ಯಾಲೀನ್ ಒಂದೇ ತೀರ್ಮಾನಿಸುವುದಿಲ್ಲ. ಕಣದಲ್ಲಿ ನೀರೆಷ್ಟಿದೆ ಎಂಬುದು ಜೀವಕೋಶದ ವಿಚಾರ. ಬಾಗಿದ ಕಣಗಳು ನಾಳದ ಒಳಗೋಡೆಗೆ ಎಷ್ಟು ಅಂಟಿ ಹರಿವನ್ನು ನಿಧಾನಿಸುತ್ತವೆ ಎಂಬುದು ಅಂಗಾಂಶದ ವಿಚಾರ. ನಿರ್ಜಲೀಕರಣ, ಜ್ವರ, ಚಳಿ, ಆಯಾಸ ಇವೆಲ್ಲ ನೋವಿನ ಕಂತನ್ನು ತರುವುದು ಇದೇ ದಾರಿಯಲ್ಲಿ. ಸಿಕಲ್ ಸೆಲ್ ಇರುವ ಮಗುವಿಗೆ ಚೆನ್ನಾಗಿ ನೀರು ಕುಡಿಸಿ ಎಂದು ವೈದ್ಯರು ಹೇಳುವುದು ಅಜ್ಜಿ ಮಾತಿನಂತೆ ಕೇಳಿಸಬಹುದು. ಅದರ ಹಿಂದೆ ಇರುವುದು ಆ ಘಾತದ ಲೆಕ್ಕ.

ಇನ್ನೊಂದು ವಿಚಿತ್ರವನ್ನು ಗಮನಿಸಿ. ಬಾಗುವ ಕಣದಲ್ಲಿ ಆ ಕೆಟ್ಟ ಅಕ್ಷರವೇ ಇಲ್ಲ. ಮಾಗಿದ ಕೆಂಪು ಕಣ ತನ್ನ ಕೋಶಕೇಂದ್ರವನ್ನು, ಅದರ ಜೊತೆಗೆ ಇಡೀ ಡಿಎನ್‌ಎಯನ್ನು ಮೂಳೆಮಜ್ಜೆಯಿಂದ ಹೊರಡುವ ಮುಂಚೆಯೇ ಕಳಚಿ ಹಾಕಿರುತ್ತದೆ. ತಪ್ಪು ಒಂದು ಕಡೆ, ಹಾನಿ ಇನ್ನೊಂದು ಕಡೆ. ಆರೋಗ್ಯವಂತ ಕಣ 120 ದಿನ ಬಾಳಿದರೆ ಬಾಗುವ ಕಣ 10ರಿಂದ 20 ದಿನಕ್ಕೆ ಒಡೆದುಹೋಗುತ್ತದೆ. ರಕ್ತಹೀನತೆ ಬರುವುದು ಹಾಗೆ.

ಅಂಗಗಳ ಹಂತಕ್ಕೆ ಬಂದರೆ ಒಂದೇ ಅಣು ಒಂದೊಂದು ಕಡೆ ಒಂದೊಂದು ಬಗೆಯಲ್ಲಿ ಕಾಡುತ್ತದೆ. ಮೂತ್ರಪಿಂಡದ ಒಳಪದರದಲ್ಲಿ ಲವಣ ದಟ್ಟವಾಗಿರುವುದರಿಂದ ಕಣದೊಳಗಿನ ನೀರು ಹೊರಗೆ ಎಳೆಯಲ್ಪಡುತ್ತದೆ. ಹಾಗಾಗಿ ಕಾಯಿಲೆಯೇ ಇಲ್ಲದ ವಾಹಕರಲ್ಲೂ, ಅಂದರೆ ಒಂದೇ ಕೆಟ್ಟ ಜೀನ್ ಹೊತ್ತವರಲ್ಲೂ, ಮೂತ್ರವನ್ನು ಸಾಂದ್ರಗೊಳಿಸುವ ಶಕ್ತಿ ಕುಂದುವುದುಂಟು. ಗುಲ್ಮದಲ್ಲಿ ರಕ್ತ ತೆವಳುತ್ತದೆ, ಆಮ್ಲಜನಕ ಕಡಿಮೆ. ಆಫ್ರಿಕಾ ಮೂಲದ ರೋಗಿಗಳಲ್ಲಿ ಐದು ವರ್ಷ ತುಂಬುವುದರೊಳಗೆ ಬಹುಪಾಲು ಮಕ್ಕಳ ಗುಲ್ಮ ಕೆಲಸ ನಿಲ್ಲಿಸಿರುತ್ತದೆ. ಗುಲ್ಮ ಹೋದ ಮಗುವಿಗೆ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ತಗಲಿದರೆ ಗಂಟೆಗಳಲ್ಲಿ ಪ್ರಾಣ ಹೋಗಬಹುದು. 1986ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಪ್ರಯೋಗವೊಂದರ ಫಲಿತಾಂಶ ಬಂತು. ಮಕ್ಕಳಿಗೆ ದಿನಕ್ಕೆ ಎರಡು ಬಾರಿ ಪೆನಿಸಿಲಿನ್ ಮಾತ್ರೆ ಕೊಟ್ಟರೆ ಆ ಸೋಂಕು ಶೇ 84ರಷ್ಟು ತಗ್ಗುತ್ತಿತ್ತು. ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಪೆನಿಸಿಲಿನ್ ಹಿಮೋಗ್ಲೋಬಿನ್ನನ್ನು ಮುಟ್ಟುವುದಿಲ್ಲ, ಜೀನನ್ನು ಮುಟ್ಟುವುದಿಲ್ಲ, ಕಣ ಬಾಗುವುದನ್ನೂ ತಡೆಯುವುದಿಲ್ಲ. ಒಂದು ಅಂಗ ಬಿಟ್ಟುಹೋದ ಕೆಲಸವನ್ನು ತಾನು ಮಾಡುತ್ತದೆ, ಅಷ್ಟೇ. ಅಣುವನ್ನು ಅರಿಯುವುದಕ್ಕೂ ಮಗುವನ್ನು ಉಳಿಸುವುದಕ್ಕೂ ನಡುವೆ ಇರುವ ಅಂತರಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಕಾಣುವುದಿಲ್ಲ.

ಅಕ್ಷರ ಒಂದೇ ಆದರೂ ಎಲ್ಲ ರೋಗಿಗಳ ಪಾಡು ಒಂದೇ ಅಲ್ಲ. ಒಂದೇ ಮನೆಯ ಅಣ್ಣ ತಿಂಗಳಿಗೊಮ್ಮೆ ನೋವಿನಿಂದ ಆಸ್ಪತ್ರೆ ಸೇರಿದರೆ ತಂಗಿ ಹೆಚ್ಚು ತೊಂದರೆಯಿಲ್ಲದೆ ಬೆಳೆಯಬಹುದು. ನವಜಾತ ಶಿಶುಗಳ ಕಣ ಅಷ್ಟಾಗಿ ಬಾಗುವುದಿಲ್ಲ ಎಂಬುದನ್ನು ಗಮನಿಸಿ ಸುಳಿವು ಕೊಟ್ಟವರು ವೈದ್ಯೆ ಜಾನೆಟ್ ವಾಟ್ಸನ್, 1948ರಲ್ಲಿ. ಗರ್ಭದಲ್ಲಿದ್ದಾಗ ಮಗು ಬಳಸುವ ಹಿಮೋಗ್ಲೋಬಿನ್ ಬೇರೆ. ಅದು ನಾರು ಬೆಳೆಯಲು ಬಿಡುವುದಿಲ್ಲ. ಹುಟ್ಟಿದ ಕೆಲವು ತಿಂಗಳಲ್ಲಿ ಅದು ಕಡಿಮೆಯಾಗುತ್ತಾ ಹೋದಂತೆ ಕಾಯಿಲೆ ತಲೆ ಎತ್ತುತ್ತದೆ. ಕೆಲವರಲ್ಲಿ ದೊಡ್ಡವರಾದ ಮೇಲೂ ಇದು ಸಾಕಷ್ಟು ಉಳಿದಿರುತ್ತದೆ. ಜಮೈಕಾದಲ್ಲಿ ಈ ಕಾಯಿಲೆಯನ್ನು ದೀರ್ಘಕಾಲ ಅಭ್ಯಸಿಸಿದ ಗ್ರಹಾಂ ಸರ್ಜಂಟ್ 1986ರಲ್ಲಿ ಒಡಿಶಾದ ವೈದ್ಯರೊಂದಿಗೆ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿನ ರೋಗಿಗಳಲ್ಲಿ ಗರ್ಭದ ಹಿಮೋಗ್ಲೋಬಿನ್ ಹೆಚ್ಚಿತ್ತು, ಗುಲ್ಮವೂ ಹೆಚ್ಚು ಕಾಲ ಉಳಿಯುತ್ತಿತ್ತು. ಹಾಗೆಂದು ಭಾರತದ ಸಿಕಲ್ ಸೆಲ್ ಸೌಮ್ಯ ಎಂದು ಷರಾ ಬರೆದು ಸುಮ್ಮನಾಗುವಂತಿಲ್ಲ. ಮಧ್ಯ ಭಾರತದಲ್ಲಿ ಉಗ್ರರೂಪದ ಪ್ರಕರಣಗಳು ಬೇಕಾದಷ್ಟಿವೆ. 1998ರಲ್ಲಿ ಒಪ್ಪಿಗೆ ಪಡೆದ ಹೈಡ್ರಾಕ್ಸಿಯೂರಿಯಾ ಈ ಸುಳಿವನ್ನೇ ಹಿಡಿದು ಬಂದ ಔಷಧ. ಮೊದಲು ಕ್ಯಾನ್ಸರಿಗೆ ಬಳಸುತ್ತಿದ್ದ ಈ ಮಾತ್ರೆ ಮಜ್ಜೆಯ ಕೋಶಗಳು ಗರ್ಭದ ಹಿಮೋಗ್ಲೋಬಿನ್ನನ್ನು ಮತ್ತೆ ತಯಾರಿಸುವಂತೆ ಮಾಡುತ್ತದೆ. ತಪ್ಪಾದ ಅಕ್ಷರ ಮಾತ್ರ ಇದ್ದಲ್ಲೇ ಇರುತ್ತದೆ.

ಇಷ್ಟು ಹೊತ್ತು ಒಬ್ಬ ವ್ಯಕ್ತಿಯ ಮೈಯೊಳಗೆ ಓಡಾಡಿದೆವು. ಇಂಥ ಮಾರಕ ಜೀನ್ ಅಳಿದುಹೋಗದೆ ಉಳಿದದ್ದಾದರೂ ಹೇಗೆ ಎಂಬ ಪ್ರಶ್ನೆಗೆ ಆ ಮೈಯಲ್ಲಿ ಉತ್ತರವಿಲ್ಲ. ರಕ್ತದ ಇಂಥ ಕಾಯಿಲೆಗಳು ಮಲೇರಿಯಾದಿಂದ ರಕ್ಷಣೆ ಕೊಡುತ್ತಿರಬಹುದು ಎಂದು 1949ರಲ್ಲಿ ಊಹಿಸಿದವರು ಜೆ.ಬಿ.ಎಸ್. ಹಾಲ್ಡೇನ್, ಮುಂದೆ ಭಾರತಕ್ಕೆ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಹಾಲ್ಡೇನ್ ಅವರೇ. ಅವರ ಮನಸ್ಸಿನಲ್ಲಿದ್ದದ್ದು ಥಲಸ್ಸೀಮಿಯಾ. ಸಿಕಲ್ ಸೆಲ್ ವಾಹಕರಿಗೆ ಮಲೇರಿಯಾ ಅಷ್ಟಾಗಿ ತಾಗುವುದಿಲ್ಲ ಎಂದು 1954ರಲ್ಲಿ ಪೂರ್ವ ಆಫ್ರಿಕಾದ ಸಾಕ್ಷ್ಯದೊಂದಿಗೆ ತೋರಿಸಿದವರು ಆಂಟನಿ ಆಲಿಸನ್. ತೀವ್ರ ಮಲೇರಿಯಾದಿಂದ ವಾಹಕರಿಗೆ ಸುಮಾರು ಶೇ 90ರಷ್ಟು ರಕ್ಷಣೆ ಇದೆ ಎಂದು ಆಮೇಲೆ ಕೀನ್ಯಾದ ಅಧ್ಯಯನಗಳು ಹೇಳಿದವು. ಒಂದು ಕೆಟ್ಟ ಪ್ರತಿ ಇದ್ದವರು ಬದುಕುತ್ತಾರೆ, ಎರಡಿದ್ದವರು ನರಳುತ್ತಾರೆ. ಮಲೇರಿಯಾ ಇಲ್ಲದ ಊರಿನಲ್ಲಿ ಈ ಜೀನ್ ಬರೀ ಹೊರೆ. ಇರುವ ಊರಿನಲ್ಲಿ ಸಾಲದ ಜೊತೆಗೆ ಬಂದ ಆಸ್ತಿ. ಒಂದೇ ಅಣುವಿನ ಬೆಲೆ ಜೀವಸಂದಣಿ ಎಲ್ಲಿ ಬದುಕುತ್ತಿದೆ ಎಂಬುದರ ಮೇಲೆ ತಿರುವುಮುರುವಾಗುತ್ತದೆ. ಮಾನವಶಾಸ್ತ್ರಜ್ಞ ಫ್ರಾಂಕ್ ಲಿವಿಂಗ್‌ಸ್ಟನ್ 1958ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪಶ್ಚಿಮ ಆಫ್ರಿಕಾದಲ್ಲಿ ಕೃಷಿಗಾಗಿ ಕಾಡು ಕಡಿದಾಗ ಬಿಸಿಲು ಬೀಳುವ ನಿಂತ ನೀರಿನ ಗುಂಡಿಗಳಾದವು, ಅನಾಫಿಲಿಸ್ ಸೊಳ್ಳೆ ಹೆಚ್ಚಿತು, ಮಲೇರಿಯಾ ಬೇರೂರಿತು, ಅದರ ಬೆನ್ನಿಗೆ ಸಿಕಲ್ ಜೀನ್ ಹರಡಿತು ಎಂಬುದು ಅವರ ವಾದ. ಗುದ್ದಲಿ, ಕೊಡಲಿಗಳು ಮನುಷ್ಯರ ಹಿಮೋಗ್ಲೋಬಿನ್ನಿನವರೆಗೆ ತಲುಪಿದ ಕಥೆ ಇದು. ಇಲ್ಲಿ ಕಾರಣ ಹರಿದದ್ದು ಮೇಲಿನಿಂದ ಕೆಳಕ್ಕೆ.

ಭಾರತದಲ್ಲಿ ಸಿಕಲ್ ಸೆಲ್ ಮೊದಲು ದಾಖಲಾದದ್ದು 1952ರಲ್ಲಿ, ಕರ್ನಾಟಕದ ಗಡಿಗೆ ಅಂಟಿಕೊಂಡ ನೀಲಗಿರಿಯ ಸಮುದಾಯಗಳಲ್ಲಿ, ಲೀಮನ್ ಮತ್ತು ಕಟ್‌ಬುಶ್ ನಡೆಸಿದ ಸಮೀಕ್ಷೆಯಲ್ಲಿ. ಕರ್ನಾಟಕದ ಸೋಲಿಗ, ಜೇನುಕುರುಬ, ಯರವ ಹಾಡಿಗಳಲ್ಲೂ ಈ ಜೀನ್ ಇದೆ. ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳಿಗೆ ಇದು ದೂರದೇಶದ ಕಾಯಿಲೆಯಲ್ಲ. ಒಂದು ಸಮುದಾಯದಲ್ಲಿ ನೂರರಲ್ಲಿ 18 ಮಂದಿ ವಾಹಕರಿದ್ದಾರೆ ಎಂದುಕೊಳ್ಳಿ. ಮದುವೆಗಳು ಆ ಸಮುದಾಯದೊಳಗೇ ನಡೆದರೆ ಹುಟ್ಟುವ ನೂರು ಮಕ್ಕಳಲ್ಲಿ ಸರಿಸುಮಾರು ಒಂದಕ್ಕೆ ಕಾಯಿಲೆ ಬರುತ್ತದೆ. ವಾಹಕರಿಬ್ಬರ ಮನೆಯಲ್ಲಾದರೆ ಪ್ರತಿ ಹೆರಿಗೆಯಲ್ಲೂ ಅದು ನಾಲ್ಕರಲ್ಲಿ ಒಂದರ ಸಾಧ್ಯತೆ. ಇದು ಗಣಿತ, ಇದನ್ನು ಯಾವ ಸೂಕ್ಷ್ಮದರ್ಶಕದಲ್ಲೂ ನೋಡಲಾಗದು.

ಈಗ ಎದುರುವಾದಗಳಿಗೆ ಬರೋಣ. ಮೊದಲನೆಯದು ಗಟ್ಟಿಯಾದದ್ದು: 'ನಿಮ್ಮ ಹಂತಗಳ ಮಾತೆಲ್ಲ ಹಳತಾಯಿತು, ಈಗ ಜೀನನ್ನೇ ತಿದ್ದಬಹುದು. 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಕ್ಯಾಸ್ಜೆವಿ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವು. ಪ್ರಯೋಗದಲ್ಲಿ ಲೆಕ್ಕಕ್ಕೆ ಬಂದ 31 ರೋಗಿಗಳಲ್ಲಿ 29 ಮಂದಿ ಸತತ ಒಂದು ವರ್ಷ ತೀವ್ರ ನೋವಿನ ಕಂತಿಲ್ಲದೆ ಇದ್ದರು. ಬೇರಿಗೇ ಮದ್ದು ಸಿಕ್ಕಿರುವಾಗ ಮೇಲಿನ ಕೊಂಬೆಗಳ ಚಿಂತೆ ಏಕೆ?' ಸಾಧನೆ ದೊಡ್ಡದು, ಅದನ್ನು ಕುಗ್ಗಿಸುವ ಉದ್ದೇಶ ನನಗಿಲ್ಲ. ಆದರೆ ಕ್ಯಾಸ್ಜೆವಿ ಏನು ಮಾಡುತ್ತದೆ ಎಂದು ಹತ್ತಿರದಿಂದ ನೋಡಿ. ಅದು ತಪ್ಪಾದ ಅಕ್ಷರವನ್ನು ತಿದ್ದುವುದಿಲ್ಲ! ಬೇರೊಂದು ವರ್ಣತಂತುವಿನಲ್ಲಿರುವ, ಗರ್ಭದ ಹಿಮೋಗ್ಲೋಬಿನ್ನನ್ನು ಆರಿಸುವ ಸ್ವಿಚ್ಚನ್ನು ಕೆಡಿಸುತ್ತದೆ. ಆ ಸ್ವಿಚ್ಚಿನ ಬೆಲೆ ಗೊತ್ತಾದದ್ದು ಶಿಶುಗಳನ್ನು ಗಮನಿಸಿದವರಿಂದ, ಬೇರೆ ಬೇರೆ ಜನಸಮುದಾಯಗಳ ರೋಗಿಗಳನ್ನು ಹೋಲಿಸಿದವರಿಂದ. ತಿದ್ದಿದ ಕೋಶಗಳಿಗೆ ಜಾಗ ಮಾಡಿಕೊಡಲು ಕೀಮೋಥೆರಪಿ ಕೊಟ್ಟು ಇಡೀ ಮಜ್ಜೆಯನ್ನು ಬರಿದು ಮಾಡಬೇಕು, ವಾರಗಟ್ಟಲೆ ಆಸ್ಪತ್ರೆಯಲ್ಲಿರಬೇಕು. ಅಮೆರಿಕದಲ್ಲಿ ಒಬ್ಬರಿಗೆ ಇದರ ಬೆಲೆ 22 ಲಕ್ಷ ಡಾಲರು, ನಮ್ಮ ಲೆಕ್ಕದಲ್ಲಿ 18 ಕೋಟಿ ರೂಪಾಯಿಗೂ ಮೇಲೆ. ಅಣು, ಕೋಶ, ಅಂಗ, ಆಸ್ಪತ್ರೆ, ಅರ್ಥವ್ಯವಸ್ಥೆ ಎಲ್ಲವನ್ನೂ ದಾಟಿಯೇ ಈ 'ಬೇರಿನ ಮದ್ದು' ರೋಗಿಯನ್ನು ತಲುಪಬೇಕು.

ಇದಕ್ಕಿಂತಲೂ ಪಾಠವಾಗಬೇಕಾದದ್ದು ವಾಕ್ಸೆಲೊಟರ್ ಔಷಧದ ಕಥೆ. ಹಿಮೋಗ್ಲೋಬಿನ್‌ಗೆ ನೇರವಾಗಿ ಅಂಟಿ, ಅದು ಆಮ್ಲಜನಕವನ್ನು ಬಿಟ್ಟುಕೊಡದಂತೆ ಹಿಡಿದು, ನಾರು ಹುಟ್ಟುವುದನ್ನೇ ತಡೆಯಲೆಂದು ರೂಪಿಸಿದ ಔಷಧವದು. ಪ್ರಯೋಗದಲ್ಲಿ ದೊಡ್ಡ ಪ್ರಮಾಣ ತೆಗೆದುಕೊಂಡವರಲ್ಲಿ ಶೇ 51 ಮಂದಿಯ ಹಿಮೋಗ್ಲೋಬಿನ್ ಏರಿತು, ಹುಸಿ ಮಾತ್ರೆ ನುಂಗಿದವರಲ್ಲಿ ಅದು ಶೇ 7. ಈ ಅಂಕಿಗಳನ್ನು ನಂಬಿ 2019ರಲ್ಲಿ ಅಮೆರಿಕ ತ್ವರಿತ ಒಪ್ಪಿಗೆ ಕೊಟ್ಟಿತು. 2024ರ ಸೆಪ್ಟೆಂಬರಿನಲ್ಲಿ ಕಂಪನಿಯೇ ಅದನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ಒಟ್ಟು ಮಾಹಿತಿಯಲ್ಲಿ ನೋವಿನ ಕಂತುಗಳ ಮತ್ತು ಸಾವುಗಳ ಲೆಕ್ಕ ಔಷಧದ ಪರವಾಗಿರಲಿಲ್ಲ. ಅಣುವಿನ ಹಂತದಲ್ಲಿ ಗೆದ್ದ ಔಷಧ ಮನುಷ್ಯನ ಹಂತದಲ್ಲಿ ಸೋತಿತು. ಆಮ್ಲಜನಕವನ್ನು ಹಿಡಿದಿಟ್ಟುಕೊಂಡ ಹಿಮೋಗ್ಲೋಬಿನ್ ಪರೀಕ್ಷೆಯ ಚೀಟಿಯಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಹಿಮೋಗ್ಲೋಬಿನ್ ಇರುವುದೇ ಅಂಗಾಂಶಗಳಿಗೆ ಆಮ್ಲಜನಕ ಬಿಟ್ಟುಕೊಡಲಿಕ್ಕೆ.

ಎರಡನೆಯ ಆಕ್ಷೇಪ ತಾತ್ವಿಕವಾದದ್ದು. ಈ ಹಂತಗಳು ನಿಜವಾಗಿ ಇವೆಯೇ, ಅಥವಾ ಪಠ್ಯಪುಸ್ತಕ ಬರೆದವರ ಅನುಕೂಲಕ್ಕೆ ಎಳೆದ ಗೆರೆಗಳೇ? ರಕ್ತವನ್ನು ಅಂಗಾಂಶವೆನ್ನುತ್ತಾರೆ, ಆದರೆ ಅದು ಹರಿಯುವ ದ್ರವ. ಕೆಂಪು ಕಣಕ್ಕೆ ಡಿಎನ್‌ಎ ಇಲ್ಲ, ಅದನ್ನು ಪೂರ್ಣ ಜೀವಕೋಶ ಎನ್ನುವುದು ಹೇಗೆ? ಮಲೇರಿಯಾ ಪರಾವಲಂಬಿ ತಾನೇ ಒಂದು ಜೀವಿ; ಅದು ಬದುಕುವುದು ಇನ್ನೊಂದು ಜೀವಿಯ ಕೋಶದೊಳಗೆ. ಮೇಲಿನ ಹಂತದ್ದು ಕೆಳಗಿನ ಹಂತದ ಒಳಗೆ ಕೂತಂತಾಯಿತಲ್ಲ! ಈ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. ಗೆರೆಗಳು ಅಂಕುಡೊಂಕು, ನಿಜ. ಆದರೂ ಒಂದು ಹಂತ ಬದಲಾಯಿತೆಂದು ತಿಳಿಯಲು ಒಂದು ಪರೀಕ್ಷೆ ಇದೆ: ಕೆಳಗಿನ ವಿವರಗಳಲ್ಲಿ ಬಹುಪಾಲನ್ನು ಬಿಟ್ಟುಬಿಟ್ಟರೂ ಲೆಕ್ಕ ಸರಿಬರಬೇಕು. ಮದುವೆಯ ಲೆಕ್ಕ ಹಾಕಲು ವ್ಯಾಲೀನ್ ಗೊತ್ತಿರಬೇಕಿಲ್ಲ. ಇನ್‌ಗ್ರಮ್ ಅದನ್ನು ಕಂಡುಹಿಡಿಯುವ ಮುಂಚೆಯೇ, 1949ರಲ್ಲಿ, ಜೇಮ್ಸ್ ನೀಲ್ ಈ ಕಾಯಿಲೆಯ ಅನುವಂಶಿಕತೆಯನ್ನು ಸರಿಯಾಗಿ ವಿವರಿಸಿದ್ದರು. ಗುಲ್ಮ ಕೆಲಸ ನಿಲ್ಲಿಸಿದ ಮಗುವಿಗೆ ಪೆನಿಸಿಲಿನ್ ಕೊಡಲು 14 ಎಳೆಗಳ ಲೆಕ್ಕ ಬೇಕಿಲ್ಲ. 'ಎಲ್ಲವೂ ಎಲ್ಲದಕ್ಕೂ ಸಂಬಂಧಿಸಿದೆ' ಎಂದು ಕೈ ಕಟ್ಟಿ ಕೂರುವವರಿಗೂ ಇದೇ ಉತ್ತರ. ಎಲ್ಲವೂ ಸಂಬಂಧಿಸಿರಬಹುದು, ಆದರೆ ಎಲ್ಲವೂ ಎಲ್ಲ ಪ್ರಶ್ನೆಗೂ ಬೇಕಾಗುವುದಿಲ್ಲ.

ಹಂತಗಳನ್ನು ಮರೆತು ಒಂದರಿಂದ ಇನ್ನೊಂದಕ್ಕೆ ಜಿಗಿದರೆ ಏನಾಗುತ್ತದೆ ಎಂಬುದನ್ನು ಪಾಲಿಂಗ್ ಅವರೇ ತೋರಿಸಿಕೊಟ್ಟರು. ಸಿಕಲ್ ಜೀನ್ ಇರುವ ಯುವಜನರ ಹಣೆಗೆ ಹಚ್ಚೆ ಹಾಕಬೇಕು, ಆಗ ಇಬ್ಬರು ವಾಹಕರು ಪರಸ್ಪರ ಒಲಿಯುವುದು ತಪ್ಪುತ್ತದೆ ಎಂದು ಅವರು 1968ರಲ್ಲಿ ಬರೆದರು. ಎರಡು ನೊಬೆಲ್ ಪಡೆದ ಮನುಷ್ಯ ಅಣುವಿನ ತರ್ಕವನ್ನು ಸಮಾಜಕ್ಕೆ ಅಂಟಿಸಿದ ರೀತಿ ಅದು. ಗ್ರೀಸ್‌ನ ಆರ್ಕೊಮೆನೊಸ್ ಎಂಬ ಹಳ್ಳಿಯಲ್ಲಿ ಹಚ್ಚೆಯಿಲ್ಲದೆ, ಒಳ್ಳೆಯ ಉದ್ದೇಶದಿಂದಲೇ ಎಲ್ಲರನ್ನೂ ಪರೀಕ್ಷಿಸಿ ಫಲಿತಾಂಶ ತಿಳಿಸಿದರು. ಅಲ್ಲಿ ಸುಮಾರು ಶೇ 23 ಮಂದಿ ವಾಹಕರು. ಕೆಲವು ವರ್ಷಗಳ ನಂತರ ಹೋಗಿ ನೋಡಿದಾಗ ವಾಹಕರಿಬ್ಬರ ನಡುವಿನ ಮದುವೆಗಳು ಕಡಿಮೆಯಾಗಿರಲಿಲ್ಲ. ವಾಹಕರ ತಲೆಗೆ ಕಳಂಕ ಮಾತ್ರ ಅಂಟಿತ್ತು, ಕೆಲವರು ವಿಷಯವನ್ನೇ ಮುಚ್ಚಿಟ್ಟಿದ್ದರು. ಮದುವೆ ಎಂಬುದು ಜೀನ್‌ಗಳ ಕೂಡಿಕೆ ಮಾತ್ರವಲ್ಲ, ಆ ಹಂತಕ್ಕೆ ಅದರದೇ ಕಟ್ಟುಪಾಡು, ಮಾನ, ಮರ್ಯಾದೆಗಳಿವೆ.

ಭಾರತಕ್ಕೆ ಇದು ಇಂದಿನ ವಿಷಯ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಅಭಿಯಾನ ಶುರುವಾಯಿತು. ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆ, 2047ರ ಹೊತ್ತಿಗೆ ನಿರ್ಮೂಲನೆ ಎಂಬುದು ಗುರಿ. ತಪಾಸಣೆಯ ಫಲಿತಾಂಶವನ್ನು ಕಾರ್ಡಿನಲ್ಲಿ ಬರೆದುಕೊಡುತ್ತಾರೆ. ಕಾರ್ಡು ಹಂಚುವುದು ಸುಲಭ, ಎಣಿಸುವುದೂ ಸುಲಭ. ವಾಹಕರೆಂದರೆ ರೋಗಿಗಳಲ್ಲ, ಅವರು ಮದುವೆಗೆ ಅನರ್ಹರೂ ಅಲ್ಲ ಎಂಬುದನ್ನು ಹಾಡಿಯ ಭಾಷೆಯಲ್ಲಿ, ಹಾಡಿಯ ಹಿರಿಯರನ್ನು ಕೂರಿಸಿಕೊಂಡು ಹೇಳದೆ ಹಂಚಿದ ಕಾರ್ಡು ಆರ್ಕೊಮೆನೊಸ್‌ನ ಕಥೆಯನ್ನೇ ಇಲ್ಲಿ ಮರುಕಳಿಸಬಹುದು. ತಪಾಸಣೆ ನಡೆದಷ್ಟೇ ಗಂಭೀರವಾಗಿ ಸಮಾಲೋಚನೆಯೂ ನಡೆಯಬೇಕು. ಅದರ ಜೊತೆಗೆ, ಹಾಡಿಗಳಲ್ಲಿ ಹುಟ್ಟುವ ಪ್ರತಿ ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಮೊದಲ ವಾರಗಳಲ್ಲೇ ಪರೀಕ್ಷಿಸಲಿ. ಕಾಯಿಲೆ ಇದ್ದ ಮಗುವಿಗೆ ವೈದ್ಯರ ಸಲಹೆಯಂತೆ ಪೆನಿಸಿಲಿನ್, ನ್ಯುಮೋಕಾಕಸ್ ಲಸಿಕೆ, ಮುಂದೆ ಹೈಡ್ರಾಕ್ಸಿಯೂರಿಯಾ ಮನೆಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ತಪ್ಪದೆ ಸಿಗಲಿ. ಜೀನ್ ತಿದ್ದುವ ತಂತ್ರ ಅಗ್ಗವಾಗುವ ದಿನಕ್ಕಾಗಿ ಈ ಮೂರು ಕೆಲಸಗಳು ಕಾಯಬೇಕಿಲ್ಲ; ಇವು ಇವತ್ತೇ ಆಗುವಂಥವು, ಆಗಲೇಬೇಕಾದವು.